ಶಾಲೆಯಿಂದ ಬಂದ ಚೀಟಿ



ನಮ್ಮ ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ಪೊರೆ ತೆಗೆಸಿಕೊಳ್ಳಲು ಬಂದಿದ್ದ ಒಬ್ಬ ಅಜ್ಜಿಯ ಸಂಗಡ ಆಕೆಯ ಸೊಸೆ ಹಾಗೂ ಮೊಮ್ಮಗ ಉಳಿದುಕೊಂಡಿದ್ದರು. ಹುಡುಗ ನಾಲ್ಕನೆಯ ತರಗತಿ, ವಯಸ್ಸು ಒಂಬತ್ತು. ಮಂಚದ ಪಕ್ಕ ನೆಲದ ಮೇಲೆ ಕುಳಿತು, ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಮೂಗು ಪುಸ್ತಕಕ್ಕೆ ತಾಗುವಷ್ಟು ಬಾಗಿ ಬರೆಯುತ್ತಿದ್ದ. ನನಗೆ ಸಂಶಯ ಬಂದು ಅವನ ಬಲಗಣ್ಣನ್ನು ಕೈಯಿಂದ ಮುಚ್ಚಿ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏನಿದೆ ಎಂದು ಕೇಳಿದೆ. ಅವನು ಸುಮ್ಮನೆ ನಿಂತ. ಕಣ್ಣಲ್ಲಿ ನೀರು ಬಂತು.

ಶಾಲೆಯಲ್ಲಿ ಡಾಕ್ಟರು ನೋಡಿಲ್ಲವೇ ಎಂದು ತಾಯಿಯನ್ನು ಕೇಳಿದರೆ, ‘ನಮಗೇನೂ ಹೇಳಿಲ್ರೀ ಸಿಸ್ಟರ್’ ಎಂದರು. ಹುಡುಗನ ಚೀಲವನ್ನು ತೆಗೆಸಿದಾಗ ಪಾಟಿಯ ಹಿಂದಿನ ಖಾನೆಯಲ್ಲಿ ನಾಲ್ಕಾಗಿ ಮಡಿಚಿದ ಒಂದು ಚೀಟಿ ಸಿಕ್ಕಿತು. ಎರಡು ವರ್ಷ ಹಳೆಯದು. ಬಲಗಣ್ಣು 6/9, ಎಡಗಣ್ಣು 6/60, ತಜ್ಞರಿಗೆ ತೋರಿಸಿ ಎಂದು ಬರೆದಿತ್ತು.

‘ಯಾಕಪ್ಪಾ, ಅವ್ವಗ ಯಾಕ ಕೊಡಲಿಲ್ಲ?’ ಎಂದೆ.

‘ಅಕ್ಷರ ಓದು ಅಂದ್ರು, ನನಗ ಓದಾಕ ಬರಲಿಲ್ರೀ. ಫೇಲ್ ಆಗೀನಿ ಅಂತ ಬರದಾರಂತ ತಿಳದೆ. ಅಪ್ಪ ಬಡೀತಾನಂತ ಮುಚ್ಚಿಟ್ಟೆ.’

ಆ ಮಗು ಕಣ್ಣಿನ ತಪಾಸಣೆಯನ್ನೂ ಒಂದು ಪರೀಕ್ಷೆ ಎಂದೇ ತಿಳಿದಿತ್ತು. ಚೀಟಿಯನ್ನು ಅಂಕಪಟ್ಟಿಯಂತೆ ಬಚ್ಚಿಟ್ಟಿತ್ತು. ನಮ್ಮ ಕಣ್ಣಿನ ವೈದ್ಯರು ಮರುದಿನವೇ ನೋಡಿ ಕನ್ನಡಕ ಕೊಟ್ಟರು. ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕೊಡುವ ಚಿಕಿತ್ಸೆಯನ್ನು ಆರಂಭಿಸಿದರು. ಎಂಟು ತಿಂಗಳ ನಂತರ ಆ ಕಣ್ಣು 6/24ಕ್ಕೆ ಬಂದಿದೆ. ಏಳನೆಯ ವಯಸ್ಸಿನಲ್ಲಿ ಚೀಟಿ ಕೈಸೇರಿದ್ದರೆ ಇನ್ನೂ ಹೆಚ್ಚು ಸುಧಾರಿಸುವ ಸಾಧ್ಯತೆ ಇತ್ತು ಎಂದು ವೈದ್ಯರು ಹೇಳಿದಾಗ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಚೀಟಿ ಎಲ್ಲಿಂದ ಬರುತ್ತದೆ?

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಒಮ್ಮೆ, ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಈ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್ ಮತ್ತು ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ, ಈ ನಾಲ್ಕನ್ನು ಅವರು ಹುಡುಕುತ್ತಾರೆ. ಒಂದು ದಿನದಲ್ಲಿ ಅನೇಕ ಮಕ್ಕಳನ್ನು ನೋಡಬೇಕಾದ್ದರಿಂದ ಇದು ಜರಡಿ ಹಿಡಿಯುವ ಕೆಲಸ. ಜರಡಿಯಲ್ಲಿ ನಿಂತ ಮಗುವಿಗೆ ಮಾತ್ರ ಚೀಟಿ ಬರುತ್ತದೆ. ಚೀಟಿ ಬಂತೆಂದರೆ ರೋಗ ಖಚಿತ ಎಂದಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿಸಿ ಎಂದರ್ಥ. ಹಾಗೆಯೇ ಚೀಟಿ ಬರಲಿಲ್ಲವೆಂದರೆ ಎಲ್ಲವೂ ಸರಿಯಿದೆ ಎಂದೂ ಅಲ್ಲ. ತಂಡ ಬಂದ ದಿನ ನಿಮ್ಮ ಮಗು ಶಾಲೆಯಲ್ಲಿತ್ತೇ?

ಈ ಮಾತನ್ನು ಗುಳೆ ಹೋಗುವ ಕುಟುಂಬದವರು ವಿಶೇಷವಾಗಿ ಗಮನಿಸಬೇಕು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮೂರು-ನಾಲ್ಕು ತಿಂಗಳು ಊರು ಬಿಟ್ಟಾಗಲೇ ತಪಾಸಣೆ ನಡೆದುಹೋದರೆ ಆ ಮಗು ಇಡೀ ವರ್ಷ ತಪ್ಪಿಸಿಕೊಳ್ಳುತ್ತದೆ. ಊರಿಗೆ ಮರಳಿದ ಕೂಡಲೇ ಮುಖ್ಯ ಗುರುಗಳನ್ನು ಕಂಡು ‘ಡಾಕ್ಟರು ಬಂದು ಹೋದರೇ, ನಮ್ಮ ಮಗುವನ್ನು ಎಲ್ಲಿ ತೋರಿಸಬೇಕು’ ಎಂದು ಕೇಳಿ. ಮಠಗಳ ಪ್ರಸಾದ ನಿಲಯಗಳಲ್ಲಿ ಮಕ್ಕಳನ್ನು ಬಿಟ್ಟಿರುವ ಪಾಲಕರಿಗೂ ಇದೇ ಮಾತು. ಅಲ್ಲಿ ಚೀಟಿ ಮೇಲ್ವಿಚಾರಕರ ಕೈಗೆ ಹೋಗುತ್ತದೆ. ಅವರು ಫೋನು ಮಾಡಿ ತಿಳಿಸಿದರೂ ಹಬ್ಬಕ್ಕೆ ಮಗು ಊರಿಗೆ ಬಂದಾಗ ತೋರಿಸಿದರಾಯಿತೆಂದು ಮುಂದೂಡುವುದೇ ಹೆಚ್ಚು.

ಅದರಲ್ಲಿ ಬರೆದಿರುವುದೇನು?

6/6 ಎಂದರೆ ದೃಷ್ಟಿ ಸರಿ. 6/18 ಎಂದಿದ್ದರೆ, ಒಳ್ಳೆಯ ಕಣ್ಣಿನವರು 18 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ನಿಮ್ಮ ಮಗು 6 ಮೀಟರ್ ಹತ್ತಿರಕ್ಕೆ ಬಂದರೆ ಮಾತ್ರ ಓದಬಲ್ಲದು. ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ದೃಷ್ಟಿ ಕಡಿಮೆ. ಎರಡೂ ಕಣ್ಣಿನ ಸಂಖ್ಯೆ ಬೇರೆ ಬೇರೆಯಾಗಿದ್ದರೆ ಇನ್ನೂ ಬೇಗ ಬರಬೇಕು. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂಜಾಗಿದ್ದರೆ ಮಿದುಳು ಮಂಜಾದ ಕಣ್ಣಿನಿಂದ ಕೆಲಸ ತೆಗೆದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಏಳೆಂಟು ವರ್ಷದ ಒಳಗೆ ಚಿಕಿತ್ಸೆ ಆದರೆ ಫಲ ಹೆಚ್ಚು. ನಂತರವೂ ಪ್ರಯತ್ನಿಸಬಹುದು, ಆದರೆ ಫಲ ಕಡಿಮೆಯಾಗುತ್ತ ಹೋಗುತ್ತದೆ. ಮಗುವಿಗೆ ಒಂದು ಕಣ್ಣು ಕಾಣುತ್ತಿರುವುದರಿಂದ ಅದು ತಾನಾಗಿ ದೂರು ಹೇಳುವುದಿಲ್ಲ. ತನಗೆ ಹೇಗೆ ಕಾಣುತ್ತದೆಯೋ ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದು ಅದು ತಿಳಿದಿರುತ್ತದೆ.

ಚಾಳೀಸು ಹಾಕಿದರೆ ನಂಬರು ಏರುತ್ತದೆ ಎಂಬುದು ನಿಜವಲ್ಲ. ಮಗು ಬೆಳೆದಂತೆ ಕಣ್ಣೂ ಬೆಳೆಯುವುದರಿಂದ ನಂಬರು ಬದಲಾಗುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ನೋಡಿಸಬೇಕು. ಹೆಣ್ಣುಮಗುವಿಗೆ ಚಾಳೀಸು ಬಂದರೆ ಮುಂದೆ ಮದುವೆಗೆ ತೊಡಕು ಎಂದು ಹಿಂಜರಿಯುವವರನ್ನು ಈಗಲೂ ಕಾಣುತ್ತೇವೆ. ಹಲಗೆಯ ಮೇಲಿನ ಅಕ್ಷರ ಕಾಣದೆ ಶಾಲೆ ಬಿಟ್ಟ ಹುಡುಗಿಯ ಮುಂದಿನ ಬಾಳಿನ ಬಗ್ಗೆ ಅವರು ಯೋಚಿಸಿದಂತೆ ಕಾಣುವುದಿಲ್ಲ.

ಎಚ್‌.ಬಿ. ಎಂದು ಬರೆದಿದ್ದರೆ ಅದು ರಕ್ತದ ಹಿಮೋಗ್ಲೋಬಿನ್ ಪ್ರಮಾಣ. 5ರಿಂದ 11 ವರ್ಷದ ಮಕ್ಕಳಲ್ಲಿ 11.5 ಗ್ರಾಂಗಿಂತ ಕಡಿಮೆ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ, ತಡಮಾಡದೆ ಆಸ್ಪತ್ರೆಗೆ ಕರೆತರಬೇಕು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದರೆ ಮಗು ಬಡವಾಗುತ್ತದೆ ಎಂದು ಹಲವರು ಆತಂಕಪಡುತ್ತಾರೆ. ಮೊಣಕಾಲು ತರಚಿಕೊಂಡಾಗ ಹೋಗುವುದು ಅದಕ್ಕಿಂತ ಹೆಚ್ಚು. ಪ್ರತಿ ಮಗುವಿಗೂ ಹೊಸ ಸೂಜಿ ಬಳಸುವುದನ್ನು ನೋಡಿಕೊಳ್ಳಲು ಪಾಲಕರು ಅಲ್ಲಿ ಹಾಜರಿರಬಹುದು.

ರಕ್ತ ಕಡಿಮೆಯಾದ ಮಗು ಮಂಕಾಗಿರುತ್ತದೆ, ಬೇಗ ದಣಿಯುತ್ತದೆ, ಮಧ್ಯಾಹ್ನದ ಪಾಠಕ್ಕೆ ತೂಕಡಿಸುತ್ತದೆ. ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವ ಚಟಕ್ಕೂ ಅನೇಕ ಸಲ ಕಬ್ಬಿಣಾಂಶದ ಕೊರತೆಯೇ ಕಾರಣ. ಬಳಪ ತಿಂದದ್ದಕ್ಕೆ ಹೊಡೆಯುವ ಬದಲು ಎಚ್‌.ಬಿ. ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಮಾತ್ರೆ (ದೊಡ್ಡ ಮಕ್ಕಳಿಗೆ ನೀಲಿ) ಕಬ್ಬಿಣಾಂಶದ್ದು. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಡಿ. ಚಿಕಿತ್ಸೆಗೆಂದು ಮನೆಗೆ ಹೆಚ್ಚು ಮಾತ್ರೆ ಕೊಟ್ಟಿದ್ದರೆ ಮಾತ್ರ ಅದನ್ನು ಬೀರುವಿನ ಮೇಲೆ ಇಡಿ. ಪೆಪ್ಪರಮಿಂಟ್ ಎಂದು ತಿಳಿದು ಸಣ್ಣ ಮಗು ಹತ್ತಾರು ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ. ಮನೆಯಲ್ಲಿ ನುಗ್ಗೆ ಸೊಪ್ಪು, ಮೆಂತ್ಯ, ರಾಜಗಿರಿ, ಹುರುಳಿ, ಕಡಲೆ, ಗುರೆಳ್ಳು ಚಟ್ನಿ ಬಳಸಿ, ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೇ ಚಹಾ ಕೊಟ್ಟರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಮ್ಮ ಕಡೆ ಮಕ್ಕಳಿಗೆ ಬೆಳಿಗ್ಗೆ ಬರೀ ಚಹಾ-ಟೋಸ್ಟ್ ಕೊಟ್ಟು ಶಾಲೆಗೆ ಕಳಿಸುವ ರೂಢಿ ಇದೆ. ಅದರ ಬದಲು ಮೊಸರಿನೊಂದಿಗೆ ಒಂದು ತಂಗಳು ರೊಟ್ಟಿ ಎಷ್ಟೋ ಮೇಲು. ಸರಿಯಾಗಿ ಮಾತ್ರೆ ನುಂಗಿದರೂ ಎಚ್‌.ಬಿ. ಏರದಿದ್ದರೆ ಬೇರೆ ಕಾರಣಗಳಿರುತ್ತವೆ, ಆಗ ಇನ್ನಷ್ಟು ರಕ್ತ ಪರೀಕ್ಷೆ ಬೇಕಾಗುತ್ತದೆ.

ಕೊಕ್ಕೆ ಹುಳುಗಳು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತವೆ. ಬಯಲಿನಲ್ಲಿ ಬರಿಗಾಲಲ್ಲಿ ನಡೆದಾಗ ಅಂಗಾಲಿನ ಚರ್ಮದ ಮೂಲಕ ಒಳಸೇರುತ್ತವೆ. ಅದಕ್ಕಾಗಿಯೇ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಅದನ್ನು ಅಗಿದು ನುಂಗಬೇಕು. ಹುಳು ಹೆಚ್ಚಿದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬಂದು ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಜ್ವರ ಬಂದಿದ್ದರೆ ಆ ದಿನ ಬೇಡವೆಂದು ಶಿಕ್ಷಕರಿಗೆ ತಿಳಿಸಿ, ತಪ್ಪಿದವರಿಗೆ ಕೊಡಲು ನಂತರ ಇನ್ನೊಂದು ದಿನ ಇರುತ್ತದೆ.

ಮರ್ಮರ್ ಎಂಬ ಪದ ಕಂಡು ಅಳುತ್ತ ಬರುವ ತಾಯಂದಿರಿದ್ದಾರೆ. ಹೃದಯದ ಬಡಿತದ ನಡುವೆ ಕೇಳಿಬರುವ ಒಂದು ಸಪ್ಪಳಕ್ಕೆ ಹಾಗೆನ್ನುತ್ತಾರೆ. ಅನೇಕ ಆರೋಗ್ಯವಂತ ಮಕ್ಕಳಲ್ಲೂ ಅದು ಇರುತ್ತದೆ, ಎಕೋ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಆದರೆ ಗಂಟಲು ನೋವಿನ ಕೆಲ ವಾರಗಳ ನಂತರ ಜ್ವರ ಬಂದು, ಇಂದು ಮೊಣಕಾಲು ನಾಳೆ ಮೊಣಕೈ ಎಂಬಂತೆ ಕೀಲುಗಳು ಬಾತು ನೋಯುತ್ತಿದ್ದರೆ ಅದು ಸಂಧಿವಾತ ಜ್ವರವಾಗಿರಬಹುದು. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ, ಹೃದಯದ ಕವಾಟವನ್ನು ಕೆಡಿಸುತ್ತದೆ. ಇಂಥ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಹೇಳಿದ್ದರೆ ಜಾತ್ರೆ ಇರಲಿ, ಮದುವೆ ಇರಲಿ, ತಪ್ಪಿಸುವಂತಿಲ್ಲ.

ಕಿವಿ ಸೋರುತ್ತಿದ್ದರೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕಬೇಡಿ, ಒಣ ಬಟ್ಟೆಯ ಬತ್ತಿಯಿಂದ ಒರೆಸಿ ಕರೆತನ್ನಿ. ಹಲ್ಲಿನ ಬಗ್ಗೆ ಒಂದೇ ಮಾತು: ಆರನೆಯ ವಯಸ್ಸಿಗೆ ಹಾಲು ಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಅದು ಬಿದ್ದುಹೋಗುವ ಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ಅದು ಹುಳುಕಾದರೆ ‘ಹಾಲು ಹಲ್ಲು, ಬಿದ್ದು ಹೋಗತೈತಿ’ ಎಂದು ಬಿಡಬೇಡಿ.

ಅಂಕ ಕಡಿಮೆ ಬಂದಾಗ

ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಶಿಕ್ಷಕರು ಕರೆದಾಗ ಬಹಳಷ್ಟು ಪಾಲಕರು ಪ್ರಗತಿ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಮಗುವಿನ ಉತ್ತರ ಪತ್ರಿಕೆ, ನೋಟ್‌ಬುಕ್ಕುಗಳನ್ನು ತೋರಿಸಿ ಎಂದು ಕೇಳುವವರು ಕಡಿಮೆ. ಆದರೆ ನರ್ಸ್ ಆಗಿ ಹೇಳುತ್ತೇನೆ, ನೋಟ್‌ಬುಕ್ಕು ಥರ್ಮಾಮೀಟರಿನಂತೆ ಕೆಲಸ ಮಾಡುತ್ತದೆ.

ಹಲಗೆ ನೋಡಿ ಬರೆದ ಲೆಕ್ಕದಲ್ಲಿ 3 ಇದ್ದಲ್ಲಿ 8, 6 ಇದ್ದಲ್ಲಿ 0 ಆಗಿದ್ದು, ಬಾಯಿಲೆಕ್ಕ ಕೇಳಿದರೆ ಸರಿಯಾಗಿ ಹೇಳುತ್ತಿದ್ದರೆ ಮೊದಲು ಕಣ್ಣು ನೋಡಿಸಿ. ಹಲಗೆ ನೋಡಿ ಬರೆದದ್ದು ಸರಿಯಿದ್ದು ಉಕ್ತಲೇಖನದಲ್ಲಿ ಮಾತ್ರ ಪ-ಬ, ತ-ದ, ಸ-ಶ ಅದಲುಬದಲಾಗಿದ್ದರೆ ಕಿವಿ ನೋಡಿಸಿ. ಕೂಗಿದರೆ ಓಗೊಡುವುದಿಲ್ಲ, ಟಿ.ವಿ. ಸಪ್ಪಳ ಹೆಚ್ಚಿಸುತ್ತದೆ ಎಂಬುದು ಹಟವೆಂದೇ ತೋರಬಹುದು, ಅದು ಕಿವುಡೂ ಆಗಿರಬಹುದು. ಬೆಳಗಿನ ಪಾಠದಲ್ಲಿ ಚುರುಕಾಗಿದ್ದು ಮಧ್ಯಾಹ್ನ ಏನನ್ನೂ ಬರೆದಿಲ್ಲವೆಂದರೆ ರಕ್ತ, ಊಟ, ನಿದ್ದೆ ಈ ಮೂರನ್ನು ವಿಚಾರಿಸಿ. ಈ ವಯಸ್ಸಿನ ಮಕ್ಕಳಿಗೆ ರಾತ್ರಿ 9ರಿಂದ 11 ಗಂಟೆ ನಿದ್ದೆ ಬೇಕು. ಕಣ್ಣು, ಕಿವಿ ಎರಡೂ ಸರಿಯಿದ್ದು, ಮಾತಿನಲ್ಲಿ ಜಾಣನಾದ ಮಗು ಎರಡು-ಮೂರು ವರ್ಷ ಕಲಿತರೂ ಅಕ್ಷರ ಕೂಡಿಸಿ ಓದಲಾರದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. ಅದು ದಡ್ಡತನವೂ ಅಲ್ಲ, ಸೋಮಾರಿತನವೂ ಅಲ್ಲ. ಅಂಥ ಮಕ್ಕಳಿಗೆ ಕಲಿಸುವ ಬೇರೆ ವಿಧಾನಗಳಿವೆ.

ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುವ ಮಗು ಸುಳ್ಳು ಹೇಳುತ್ತಿರುವುದಿಲ್ಲ, ಭಯದಿಂದಲೂ ನಿಜವಾಗಿಯೇ ಹೊಟ್ಟೆ ನೋಯುತ್ತದೆ. ಆದರೆ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಜ್ವರ, ವಾಂತಿ ಇದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನು ಭಯ ಎಂದು ಬಿಡುವಂತಿಲ್ಲ. ಹೆಣ್ಣುಮಕ್ಕಳ ಬಗ್ಗೆ ಇನ್ನೊಂದು ಮಾತು. ಶಾಲೆಯ ಶೌಚಾಲಯ ಹೊಲಸಾಗಿದೆ ಎಂದು ಬೆಳಗಿನಿಂದ ನೀರೇ ಕುಡಿಯದೆ, ಮೂತ್ರ ತಡೆದುಕೊಂಡು ಸಂಜೆ ಮನೆಗೆ ಬರುವವರು ಬಹಳ. ಉರಿಮೂತ್ರ, ಪದೇಪದೇ ಜ್ವರ ಎಂದು ನಮ್ಮಲ್ಲಿಗೆ ಬರುತ್ತಾರೆ. ಔಷಧ ನಾವು ಕೊಡಬಲ್ಲೆವು, ಶೌಚಾಲಯದ ಮಾತನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪಾಲಕರೇ ಎತ್ತಬೇಕು.

ಶಾಲೆಯ ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾದದ್ದು. ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರು. 2013ರಲ್ಲಿ ಅದರ ಜೊತೆ ಕ್ಷೀರಭಾಗ್ಯದ 150 ಮಿಲಿ ಹಾಲೂ ಸೇರಿತು. ದಾಸೋಹದ ಪಂಕ್ತಿಯಲ್ಲಿ ಮೇಲು-ಕೀಳು ಇಲ್ಲವೆಂಬುದು ನಮಗೆ ಹೇಳಿಕೊಡಬೇಕಾದ ಮಾತಲ್ಲ. ಆದರೂ ‘ಆ ಅಡುಗೆ ಉಣಬ್ಯಾಡ’ ಎಂದು ಮಗುವಿನ ಕಿವಿಯಲ್ಲಿ ಹೇಳಿ ಕಳಿಸುವ ಮನೆಗಳಿವೆ. ಉಳಿದವರೆಲ್ಲ ಉಣ್ಣುವಾಗ ಆ ಮಗು ಹಸಿದು ಕುಳಿತಿರುತ್ತದೆ.

ನೀವು ಶಾಲೆಗೆ ಹೇಳಬೇಕಾದದ್ದು

ಶಾಲೆಯಿಂದ ಮನೆಗೆ ಸುದ್ದಿ ಬಂದಂತೆ ಮನೆಯಿಂದ ಶಾಲೆಗೂ ಹೋಗಬೇಕು. ಫಿಟ್ಸ್, ಉಬ್ಬಸ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವ ಮಗುವಿನ ತರಗತಿ ಶಿಕ್ಷಕರಿಗೆ ಅದು ತಿಳಿದಿರಲೇಬೇಕು. ಫಿಟ್ಸ್ ಇರುವುದನ್ನು, ಅದರಲ್ಲೂ ಹೆಣ್ಣುಮಕ್ಕಳದನ್ನು, ಪಾಲಕರು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಆಗುವುದೇನು? ಮಗು ಪ್ರಾರ್ಥನೆಯಲ್ಲಿ ಬಿದ್ದಾಗ ಗೊತ್ತಿಲ್ಲದ ಶಿಕ್ಷಕರು ಕೈಗೆ ಕೀಲಿಕೈ ಹಿಡಿಸುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಬಾಯಿಗೆ ಚಮಚ ತುರುಕುತ್ತಾರೆ, ನೀರು ಕುಡಿಸುತ್ತಾರೆ. ಇವು ಯಾವುವೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಕೊರಳ ಗುಂಡಿ ಸಡಿಲಿಸಿ, ಗಡಿಯಾರ ನೋಡಬೇಕು. ಐದು ನಿಮಿಷವಾದರೂ ನಿಲ್ಲದಿದ್ದರೆ, ಒಂದರ ಹಿಂದೆ ಒಂದು ಬಂದರೆ, ಅಥವಾ ಮಗುವಿಗೆ ಇದೇ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದು ಮಗುವಿನ ಔಷಧದ ಹೆಸರು, ನಿಮ್ಮ ಫೋನ್ ನಂಬರಿನೊಂದಿಗೆ ಶಿಕ್ಷಕರಿಗೆ ಕೊಡಿ. ಬರೆಯಲು ಬಾರದಿದ್ದರೆ ನಮ್ಮ ನರ್ಸುಗಳಿಗೆ ಹೇಳಿ, ಬರೆದುಕೊಡುತ್ತೇವೆ.

ಆಸ್ಪತ್ರೆಗೆ ಬರುವಾಗ

‘ಖರ್ಚು ಎಷ್ಟಾಗತೈತ್ರಿ’ ಎಂಬ ಅಂಜಿಕೆಯಿಂದ ಚೀಟಿಯನ್ನು ಹಾಗೆಯೇ ಇಟ್ಟುಕೊಂಡವರೂ ಇದ್ದಾರೆ. ಶಾಲಾ ತಪಾಸಣೆಯಲ್ಲಿ ಕಂಡುಬಂದ ಸಮಸ್ಯೆಗಳಿಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತ ಚಿಕಿತ್ಸೆ ಇದೆ. ಹುಟ್ಟಿನಿಂದ ಬಂದ ಹೃದಯದ ದೋಷ, ಸೀಳುತುಟಿ, ಸೊಟ್ಟ ಪಾದಗಳ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರಿದೆ. ಅದಕ್ಕೆ ಆಧಾರವೇ ಆ ಚೀಟಿ, ಆದ್ದರಿಂದ ಕಳೆಯಬೇಡಿ. ಕಳೆದಿದ್ದರೆ ಶಾಲೆಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ತಪಾಸಣೆಯ ವಿವರವನ್ನು ತಂಡ ದಾಖಲಿಸಿಕೊಂಡಿರುತ್ತದೆ. ಜೊತೆಗೆ ರೇಷನ್ ಕಾರ್ಡು, ಆಧಾರ್ ಕಾರ್ಡು ಇರಲಿ. ಇನ್ನೂ ಓದುವ ತೊಂದರೆಗಾಗಿ ಬರುವವರು ಮಗುವಿನ ಒಂದು ಕನ್ನಡ ನೋಟ್‌ಬುಕ್ಕು, ಒಂದು ಗಣಿತದ ನೋಟ್‌ಬುಕ್ಕನ್ನೂ ತನ್ನಿ.

ಮುಖ್ಯವಾಗಿ ಮಗುವನ್ನು ಕರೆತನ್ನಿ. ಶಾಲೆ ತಪ್ಪುತ್ತದೆಂದು ಚೀಟಿ ಮಾತ್ರ ಹಿಡಿದು ಬಂದು ‘ಗುಳಿಗಿ ಕೊಡ್ರೀ’ ಎನ್ನುವವರನ್ನು ನಾವು ವಾಪಸು ಕಳಿಸಬೇಕಾಗುತ್ತದೆ, ಅದು ನಮಗೂ ಬೇಸರ. ಹೊರಡುವ ಮುನ್ನ ಮಗುವಿಗೆ ಒಂದು ಮಾತು ತಿಳಿಸಿ: ಅಲ್ಲಿ ಡಾಕ್ಟರು ಅಕ್ಷರ ಓದಿಸುತ್ತಾರೆ, ಕಾಣದಿದ್ದರೆ ಕಾಣುವುದಿಲ್ಲ ಎಂದು ಹೇಳು, ಅದಕ್ಕೆ ಮಾರ್ಕ್ಸ್ ಇಲ್ಲ, ಯಾರೂ ಬಯ್ಯುವುದಿಲ್ಲ.